ಯಂತ್ರಗಳ ನಿರ್ವಹಣೆ ಮತ್ತು ಕಾರ್ಮಿಕರ ಪ್ರಾಣ

ಪ್ರತಿ ವರ್ಷ ಮಾರ್ಚ್ 4 ಬಂತೆಂದರೆ ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳ ಮಹಾದ್ವಾರಗಳಲ್ಲಿ ಹಸಿರು ಬಾವುಟಗಳು ಏರುತ್ತವೆ. ಕಾರ್ಮಿಕರು ಸಾಲಾಗಿ ನಿಂತು ಸುರಕ್ಷತೆಯ ಪ್ರತಿಜ್ಞೆ ಸ್ವೀಕರಿಸುತ್ತಾರೆ, ಘೋಷಣೆ ಬರೆಯುವ ಸ್ಪರ್ಧೆ ನಡೆಯುತ್ತದೆ, ಬಹುಮಾನ ವಿತರಣೆಯೂ ಆಗುತ್ತದೆ. ರಾಷ್ಟ್ರೀಯ ಸುರಕ್ಷಾ ಮಂಡಳಿ ಸ್ಥಾಪನೆಯಾದದ್ದು 1966ರ ಮಾರ್ಚ್ 4ರಂದು. ಅದರ ಪ್ರಧಾನ ಕಚೇರಿ ನಮ್ಮ ನವಿಮುಂಬಯಿಯಲ್ಲೇ ಇದೆ. ಕಾರ್ಖಾನೆಗಳ ಸುರಕ್ಷತೆಯ ಕುರಿತು ದೇಶಕ್ಕೆಲ್ಲ ತರಬೇತಿ ನೀಡುವ ಕೇಂದ್ರ ಕಾರ್ಮಿಕ ಸಂಸ್ಥೆ ಇರುವುದು ಸಾಯನ್‌ನಲ್ಲಿ. ಹೀಗೆ ಸುರಕ್ಷತೆಯ ಶಾಸ್ತ್ರವನ್ನು ಬಲ್ಲವರು ನಮ್ಮ ಮಹಾನಗರದಲ್ಲಿ ಸಾಕಷ್ಟು ಮಂದಿ ಇದ್ದಾರೆ. ಆದರೂ ಕಾರ್ಖಾನೆ ಸಲಹಾ ಸೇವೆಯ ಮಹಾನಿರ್ದೇಶನಾಲಯದ ಅಂಕಿಅಂಶಗಳ ಪ್ರಕಾರ 2017ರಿಂದ 2020ರವರೆಗಿನ ಅವಧಿಯಲ್ಲಿ ದೇಶದ ನೋಂದಾಯಿತ ಕಾರ್ಖಾನೆಗಳಲ್ಲಿ ದಿನವೊಂದಕ್ಕೆ ಸರಾಸರಿ ಮೂವರು ಪ್ರಾಣ ಕಳೆದುಕೊಂಡಿದ್ದಾರೆ, ಹನ್ನೊಂದು ಮಂದಿ ಗಾಯಗೊಂಡಿದ್ದಾರೆ. ಇವು ನೋಂದಾಯಿತ ಕಾರ್ಖಾನೆಗಳ ಲೆಕ್ಕ ಮಾತ್ರ ಎಂಬುದನ್ನು ಓದುಗರು ಗಮನಿಸಬೇಕು. ಗಾಲಾಗಳಲ್ಲಿ, ಚಾಳಿನ ಹಿಂಬದಿಯ ಶೆಡ್ಡುಗಳಲ್ಲಿ, ಹೋಟೆಲಿನ ಅಡುಗೆಮನೆಗಳಲ್ಲಿ ಆಗುವ ಅನಾಹುತಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಎರಡು ಕಾರಣಗಳಿವೆ. 2025ರ ಜೂನ್ 30ರಂದು ಹೈದರಾಬಾದಿನ ಸಮೀಪದ ಪಾಶಮೈಲಾರಮ್ ಕೈಗಾರಿಕಾ ವಲಯದಲ್ಲಿ, ಔಷಧ ತಯಾರಿಕೆಗೆ ಬೇಕಾದ ಸೆಲ್ಯುಲೋಸ್ ಪುಡಿಯನ್ನು ಉತ್ಪಾದಿಸುವ ಸಿಗಾಚಿ ಕಾರ್ಖಾನೆಯಲ್ಲಿ ಭೀಕರ ಸ್ಫೋಟ ಸಂಭವಿಸಿತು. ನಲವತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಕೆಲವರ ದೇಹದ ಗುರುತೂ ಸಿಗದೆ ಅವರನ್ನು ಮೃತರೆಂದೇ ಪರಿಗಣಿಸಬೇಕಾಯಿತು. ಯಂತ್ರಗಳು ಹಳೆಯದಾಗಿವೆ, ಬದಲಿಸಿ ಎಂದು ಕಾರ್ಮಿಕರು ಮೊದಲೇ ಹೇಳಿದ್ದರೂ ಕಿವಿಗೊಡಲಿಲ್ಲವೆಂಬ ಆರೋಪ ಮೃತರ ಕುಟುಂಬವೊಂದು ಪೊಲೀಸರಿಗೆ ಕೊಟ್ಟ ದೂರಿನಲ್ಲಿತ್ತು. ಆರೋಪದ ಸತ್ಯಾಸತ್ಯತೆಯನ್ನು ನ್ಯಾಯಾಲಯವೇ ತೀರ್ಮಾನಿಸಬೇಕು. ಎರಡನೆಯ ಕಾರಣವೆಂದರೆ 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು. ಅವುಗಳಲ್ಲಿ ಒಂದಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆಯು 1948ರ ಕಾರ್ಖಾನೆ ಕಾಯ್ದೆಯೂ ಸೇರಿದಂತೆ ಹದಿಮೂರು ಕಾಯ್ದೆಗಳ ಸ್ಥಾನವನ್ನು ಆಕ್ರಮಿಸಿದೆ. ಎಂಟು ದಶಕಗಳಿಗೆ ಹತ್ತಿರವಾಗುತ್ತಿದ್ದ ಒಂದು ವ್ಯವಸ್ಥೆ ಬದಲಾಗುವ ಈ ಹೊತ್ತಿನಲ್ಲಿ, ಸುರಕ್ಷತೆಯ ಚರ್ಚೆಯಲ್ಲಿ ಎಂದೂ ಮುಂಚೂಣಿಗೆ ಬಾರದ ಯಂತ್ರ ನಿರ್ವಹಣೆಯ ಬಗ್ಗೆ ಯೋಚಿಸುವುದು ಉಚಿತವೆಂದು ನಮಗನಿಸಿತು.

ನಿರ್ವಹಣೆಯೆಂದರೆ ಎಣ್ಣೆ ಹಾಕುವುದು, ಬೆಲ್ಟು ಬದಲಿಸುವುದು, ಸವೆದ ಬೇರಿಂಗು ತೆಗೆಯುವುದು ಎಂದಷ್ಟೇ ನಾವು ತಿಳಿದಿರುತ್ತೇವೆ. ನಿರ್ವಹಣೆಯಿಲ್ಲದಿದ್ದರೆ ಅಪಘಾತವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಿರ್ವಹಣೆ ಮಾಡುವಾಗಲೇ ಅಪಘಾತವಾಗುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಐರೋಪ್ಯ ಒಕ್ಕೂಟದ ಸುರಕ್ಷತಾ ಸಂಸ್ಥೆಯ ಅಂದಾಜಿನಂತೆ ಅಲ್ಲಿನ ಕೆಲಸದ ಸ್ಥಳಗಳ ಮಾರಣಾಂತಿಕ ಅಪಘಾತಗಳಲ್ಲಿ ಶೇಕಡಾ 10ರಿಂದ 15ರಷ್ಟು ನಿರ್ವಹಣಾ ಕಾರ್ಯಕ್ಕೆ ಸಂಬಂಧಿಸಿದವು. ಇದಕ್ಕೆ ಕಾರಣವೂ ಸ್ಪಷ್ಟ. ಉತ್ಪಾದನೆ ನಡೆಯುವಾಗ ಯಂತ್ರದ ಸುತ್ತ ಬೇಲಿಯಿರುತ್ತದೆ, ಮುಚ್ಚಳವಿರುತ್ತದೆ, ಕೊಳವೆಯೊಳಗಿನ ವಿಷ ಕೊಳವೆಯೊಳಗೇ ಇರುತ್ತದೆ. ದುರಸ್ತಿಗೆ ಬಂದ ಫಿಟ್ಟರ್ ಆ ಬೇಲಿಯನ್ನು ತೆಗೆದು ಒಳಗೆ ಕೈಯಿಡುತ್ತಾನೆ. ಕೊಳವೆಯನ್ನು ಬಿಚ್ಚುತ್ತಾನೆ. ಕೆಲವೊಮ್ಮೆ ಟ್ಯಾಂಕಿನೊಳಕ್ಕೆ ತಾನೇ ಇಳಿಯುತ್ತಾನೆ. ಎಲ್ಲರನ್ನೂ ರಕ್ಷಿಸುವ ವ್ಯವಸ್ಥೆ ಅವನೊಬ್ಬನಿಗೆ ಆ ಹೊತ್ತಿನಲ್ಲಿ ಇರುವುದಿಲ್ಲ. ಸಾಲದೆಂಬಂತೆ ಈ ಕೆಲಸ ನಡೆಯುವುದು ರಾತ್ರಿ ಪಾಳಿಯಲ್ಲಿ, ರವಿವಾರಗಳಲ್ಲಿ, ದೀಪಾವಳಿಯ ರಜೆಯಲ್ಲಿ. ಮೇಲ್ವಿಚಾರಕರು ಇಲ್ಲದ ವೇಳೆಯಲ್ಲಿ, ಸ್ಥಳದ ಪರಿಚಯವಿಲ್ಲದ ಗುತ್ತಿಗೆಯ ಹುಡುಗರಿಂದ.

ಈ ಮಾತಿಗೆ ಜಗತ್ತಿನಲ್ಲೇ ಅತ್ಯಂತ ವಿವರವಾಗಿ ದಾಖಲಾದ ನಿದರ್ಶನ ನಮ್ಮ ದೇಶದ್ದಲ್ಲ, ಸ್ಕಾಟ್ಲೆಂಡಿನ ಸಮುದ್ರದ್ದು. ಉತ್ತರ ಸಮುದ್ರದಲ್ಲಿ ತೈಲ ಮತ್ತು ಅನಿಲವನ್ನು ಮೇಲೆತ್ತುತ್ತಿದ್ದ ಪೈಪರ್ ಆಲ್ಫಾ ಎಂಬ ಕಟ್ಟೆಯಲ್ಲಿ 1988ರ ಜುಲೈ 6ರಂದು ಎರಡು ಪಂಪುಗಳ ಪೈಕಿ ಒಂದನ್ನು ದುರಸ್ತಿಗೆಂದು ನಿಲ್ಲಿಸಲಾಗಿತ್ತು. ಹಗಲು ಪಾಳಿಯವರು ಆ ಪಂಪಿಗೆ ಸೇರಿದ ಸುರಕ್ಷತಾ ಕವಾಟವನ್ನು ಪರೀಕ್ಷೆಗಾಗಿ ಬಿಚ್ಚಿ, ತೆರೆದ ಬಾಯಿಗೆ ಒಂದು ಲೋಹದ ಬಿಲ್ಲೆಯನ್ನು ಅಳವಡಿಸಿದರು. ಸಂಜೆ ಆರು ಗಂಟೆಯೊಳಗೆ ಕವಾಟವನ್ನು ಮತ್ತೆ ಕೂಡಿಸಲಾಗಲಿಲ್ಲ. ಪಂಪನ್ನು ಯಾವ ಕಾರಣಕ್ಕೂ ಚಾಲನೆ ಮಾಡಬಾರದೆಂದು ಬರೆದ ಪರವಾನಗಿ ಚೀಟಿಯೊಂದಿಗೆ ಕೆಲಸಗಾರನು ನಿಯಂತ್ರಣ ಕೊಠಡಿಗೆ ಬಂದ. ಹೊಣೆಗಾರ ಅಧಿಕಾರಿ ಬೇರೆ ಕೆಲಸದಲ್ಲಿ ಮುಳುಗಿದ್ದುದರಿಂದ ಮುಖಾಮುಖಿ ಹೇಳದೆ ಚೀಟಿಯನ್ನು ಅಲ್ಲಿಟ್ಟು ಹೊರಟುಹೋದ. ರಾತ್ರಿ ಪೌಣೆ ಹತ್ತರ ಸುಮಾರಿಗೆ ಇನ್ನೊಂದು ಪಂಪು ಕೆಟ್ಟು ನಿಂತಿತು. ಪಂಪು ನಿಂತರೆ ಇಡೀ ಕಟ್ಟೆಗೆ ವಿದ್ಯುತ್ತು ನಿಲ್ಲುವ ಭಯ. ರಾತ್ರಿ ಪಾಳಿಯವರು ಕಾಗದಗಳನ್ನು ಹುಡುಕಿದರು. ಪಂಪಿನ ಸಾಮಾನ್ಯ ದುರಸ್ತಿಯ ಚೀಟಿ ಸಿಕ್ಕಿತು. ಆ ಕೆಲಸ ಇನ್ನೂ ಪ್ರಾರಂಭವಾಗಿರಲಿಲ್ಲ. ಕವಾಟ ಬಿಚ್ಚಿದ ವಿಷಯ ಬರೆದಿದ್ದ ಎರಡನೆಯ ಚೀಟಿ ಸಿಗಲಿಲ್ಲ. ಚೀಟಿಗಳನ್ನು ಸ್ಥಳಕ್ಕನುಸಾರವಾಗಿ ಬೇರೆ ಬೇರೆ ಪೆಟ್ಟಿಗೆಗಳಲ್ಲಿಡುವ ಪದ್ಧತಿಯಿತ್ತು, ಕವಾಟವಾದರೋ ಪಂಪಿನಿಂದ ದೂರದಲ್ಲಿ, ಬೇರೆ ಅಂತಸ್ತಿನಲ್ಲಿತ್ತು. ಪಂಪು ಸುಸ್ಥಿತಿಯಲ್ಲಿದೆಯೆಂದು ತಿಳಿದು ಗುಂಡಿ ಒತ್ತಿದರು. ಸಡಿಲವಾಗಿದ್ದ ಬಿಲ್ಲೆಯ ಸುತ್ತಿನಿಂದ ಅನಿಲ ಹೊರನುಗ್ಗಿ ಹತ್ತು ಗಂಟೆಗೆ ಮೊದಲ ಸ್ಫೋಟವಾಯಿತು. 167 ಮಂದಿ ಅಸುನೀಗಿದರು. ಮುಳುಗುಗಾರರು ನೀರಿನಲ್ಲಿದ್ದ ಕಾರಣಕ್ಕೆ ಬೆಂಕಿಯಾರಿಸುವ ಪಂಪುಗಳು ತಾವಾಗಿ ಚಾಲನೆಗೊಳ್ಳದಂತೆ ಮಾಡಿಡಲಾಗಿತ್ತು ಎಂಬುದೂ ತನಿಖೆಯಲ್ಲಿ ಹೊರಬಂತು. ನ್ಯಾಯಮೂರ್ತಿ ಕಲೆನ್ ಅವರು 1990ರಲ್ಲಿ ಸಲ್ಲಿಸಿದ ವರದಿ 106 ಶಿಫಾರಸುಗಳನ್ನು ಮಾಡಿತು. ಇಂದು ದೊಡ್ಡ ಕಾರ್ಖಾನೆಗಳಲ್ಲಿ ಪಾಳಿ ಬದಲಾಗುವಾಗ ಮುಖಾಮುಖಿಯಾಗಿ ಮಾಹಿತಿ ಹಸ್ತಾಂತರಿಸಬೇಕೆಂಬ ಕಟ್ಟುನಿಟ್ಟಿನ ಹಿಂದೆ ಆ ರಾತ್ರಿಯ ಪಾಠವಿದೆ.

ಇಲ್ಲಿ ಯಾರನ್ನೂ ದುಷ್ಟರೆಂದು ಹೇಳಲಾಗುವುದಿಲ್ಲ. ಚೀಟಿ ಬರೆದವನಿದ್ದ, ಹುಡುಕಿದವರಿದ್ದರು. ಒಬ್ಬರು ಇನ್ನೊಬ್ಬರೊಂದಿಗೆ ಎರಡು ಮಾತನಾಡಲಿಲ್ಲ, ಅಷ್ಟೆ.

ಭೋಪಾಲದ ಕತೆಯಲ್ಲಿ ಮಾತ್ರ ಇಷ್ಟು ಉದಾರವಾಗಿರಲು ಸಾಧ್ಯವಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಅನಿಲ ಸೋರಿದಾಗ ಅದನ್ನು ತಡೆಯಬೇಕಾಗಿದ್ದ ಒಂದೊಂದು ಉಪಕರಣವೂ ಕೆಲಸಕ್ಕೆ ಬಾರದ ಸ್ಥಿತಿಯಲ್ಲಿತ್ತು. ಟ್ಯಾಂಕನ್ನು ತಂಪಾಗಿಡುವ ಶೀತಲೀಕರಣ ಘಟಕವನ್ನು ತಿಂಗಳುಗಳ ಹಿಂದೆಯೇ ಸ್ಥಗಿತಗೊಳಿಸಲಾಗಿತ್ತು. ಹೊರಬರುವ ಅನಿಲವನ್ನು ಸುಟ್ಟುಹಾಕುವ ಗೋಪುರಕ್ಕೆ ಹೋಗುವ ಕೊಳವೆಯ ತುಂಡೊಂದನ್ನು ದುರಸ್ತಿಗೆಂದು ಬಿಚ್ಚಿಟ್ಟು ಮತ್ತೆ ಜೋಡಿಸಿರಲಿಲ್ಲ. ಅನಿಲವನ್ನು ತೊಳೆಯುವ ಯಂತ್ರ ಸಿದ್ಧವಾಗಿರಲಿಲ್ಲ. ನೀರು ಟ್ಯಾಂಕಿನೊಳಗೆ ಹೇಗೆ ಸೇರಿತೆಂಬ ಬಗ್ಗೆ ಕಂಪನಿಯೂ ಇತರರೂ ಬೇರೆ ಬೇರೆ ವಾದಗಳನ್ನು ಮುಂದಿಟ್ಟಿದ್ದಾರೆ. ಆದರೆ ಮೇಲೆ ಹೇಳಿದ ಮೂರು ಸಂಗತಿಗಳ ಬಗ್ಗೆ ವಾದವಿಲ್ಲ. ನಷ್ಟದಲ್ಲಿ ನಡೆಯುತ್ತಿದ್ದ ಘಟಕದಲ್ಲಿ ಮೊದಲು ಕತ್ತರಿ ಬಿದ್ದದ್ದು ನಿರ್ವಹಣೆಯ ಸಿಬ್ಬಂದಿಗೆ, ನಿರ್ವಹಣೆಯ ಖರ್ಚಿಗೆ.

ಇದೇ ಬಗೆಯ ಇನ್ನೂ ಹತ್ತಿರದ ಘಟನೆಗಳಿವೆ. ರಾಯ್‌ಬರೇಲಿ ಜಿಲ್ಲೆಯ ಊಂಚಾಹಾರ್ ವಿದ್ಯುತ್ ಸ್ಥಾವರದಲ್ಲಿ 2017ರ ನವೆಂಬರ್ 1ರಂದು ಬಾಯ್ಲರಿನ ತಳದಲ್ಲಿ ಕಟ್ಟಿಕೊಂಡಿದ್ದ ಬೂದಿಯ ಗಟ್ಟಿಗಳನ್ನು ಬಾಯ್ಲರು ಉರಿಯುತ್ತಿರುವಾಗಲೇ ತೆಗೆಯುವ ಪ್ರಯತ್ನ ನಡೆದಿತ್ತು. ನಲವತ್ತಕ್ಕೂ ಹೆಚ್ಚು ಜೀವಗಳು ಹೋದವು. ವಿಶಾಖಪಟ್ಟಣದಲ್ಲಿ 2020ರ ಮೇ 7ರ ಮುಂಜಾವಿನಲ್ಲಿ ಸ್ಟೈರೀನ್ ಆವಿ ಸೋರಿದ್ದು ಲಾಕ್‌ಡೌನಿನ ಕಾರಣ ವಾರಗಟ್ಟಲೆ ನಿಂತಿದ್ದ ಕಾರ್ಖಾನೆಯ ಟ್ಯಾಂಕಿನಿಂದ. ನಿಂತ ಯಂತ್ರಕ್ಕೂ ನಿರ್ವಹಣೆ ಬೇಕು ಎಂಬುದನ್ನು ಹನ್ನೆರಡು ಸಾವುಗಳು ನೆನಪಿಸಿದವು. ನಮ್ಮ ಕರಾವಳಿಯ ಓದುಗರು ಇವೆಲ್ಲ ಊರಾಚೆಯ ಸುದ್ದಿಗಳೆಂದು ಭಾವಿಸದಿರಲಿ. 2022ರ ಏಪ್ರಿಲಿನಲ್ಲಿ ಮಂಗಳೂರು ಬಜ್ಪೆಯ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕದಲ್ಲಿ ತ್ಯಾಜ್ಯದ ಟ್ಯಾಂಕಿಗೆ ಇಳಿದವನೊಬ್ಬ ಕುಸಿದಾಗ ಅವನನ್ನು ಎತ್ತಲು ಹೋದವರೂ ಕುಸಿದು, ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಐವರು ತೀರಿಕೊಂಡರು. 2025ರ ಜುಲೈ 12ರಂದು ಸುರತ್ಕಲ್ ಸಮೀಪದ ತೈಲಾಗಾರದಲ್ಲಿ ಟ್ಯಾಂಕಿನ ಮೇಲೆ ಹತ್ತಿದ್ದ ಇಬ್ಬರು ನೌಕರರು ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಬಲಿಯಾದರು. ಮುಚ್ಚಿದ ಟ್ಯಾಂಕು, ಬಾವಿ, ಗುಂಡಿಗಳಿಗೆ ಸಂಬಂಧಿಸಿದ ದುರಂತಗಳಲ್ಲಿ ರಕ್ಷಿಸಲು ಧಾವಿಸಿದವರೇ ಸಾಯುವುದು ಮತ್ತೆ ಮತ್ತೆ ಕಾಣುವ ಸಂಗತಿ. ಸ್ನೇಹಿತ ಬಿದ್ದಾಗ ಯಾರೂ ಗಾಳಿಯನ್ನು ಪರೀಕ್ಷಿಸುತ್ತ ನಿಲ್ಲುವುದಿಲ್ಲ. ಆದುದರಿಂದ ಪರೀಕ್ಷೆ ಮೊದಲನೆಯವನು ಇಳಿಯುವ ಮುನ್ನವೇ ಆಗಬೇಕು, ಮೇಲೆ ಹಗ್ಗ ಹಿಡಿದು ನಿಲ್ಲುವವನೊಬ್ಬ ಇರಲೇಬೇಕು.

ಹಾಗೆ ನೋಡಿದರೆ ಕಾನೂನಿನ ಕೊರತೆ ನಮ್ಮಲ್ಲಿ ಎಂದೂ ಇರಲಿಲ್ಲ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರು ಸಿಡಿದು ಹಲವರು ಸತ್ತದ್ದರಿಂದ ಮರುವರ್ಷವೇ ಬಂಗಾಳದಲ್ಲಿ ಬಾಯ್ಲರು ತಪಾಸಣೆಯ ಕಾಯ್ದೆ ಬಂತು. 1923ರ ಬಾಯ್ಲರು ಕಾಯ್ದೆ ಶತಮಾನ ದಾಟಿ ಬಾಳಿ 2025ರಲ್ಲಷ್ಟೇ ಹೊಸ ಕಾಯ್ದೆಗೆ ಸ್ಥಳ ಬಿಟ್ಟಿತು. 1881ರ ಮೊತ್ತಮೊದಲ ಕಾರ್ಖಾನೆ ಕಾಯ್ದೆಯಲ್ಲೇ ಅಪಾಯಕಾರಿ ಯಂತ್ರಗಳಿಗೆ ಬೇಲಿ ಹಾಕಬೇಕೆಂಬ ನಿಯಮವಿತ್ತು. ಗಿರಣಿಗಳ ಮುಂಬಯಿಗೆ, ಆ ಗಿರಣಿಗಳಲ್ಲಿ ದುಡಿದ ನಮ್ಮ ಹಿರಿಯರಿಗೆ ಈ ಇತಿಹಾಸ ಪರಕೀಯವಲ್ಲ. 1948ರ ಕಾಯ್ದೆಯ 22ನೆಯ ಕಲಮನ್ನು ಓದಿದರೆ ಅದನ್ನು ಬರೆದವರು ಯಂತ್ರದ ಪಕ್ಕದಲ್ಲಿ ನಿಂತು ಬರೆದಂತೆ ತೋರುತ್ತದೆ. ಚಲಿಸುತ್ತಿರುವ ಯಂತ್ರವನ್ನು ಪರೀಕ್ಷಿಸಲೇಬೇಕಾದ ಅನಿವಾರ್ಯತೆಯಿದ್ದರೆ ಅದಕ್ಕೆಂದೇ ತರಬೇತಾದ ಕೆಲಸಗಾರನೇ, ಮಾಲೀಕನು ಒದಗಿಸಿದ ಮೈಗಂಟಿದ ಉಡುಪನ್ನು ಧರಿಸಿ ಆ ಕೆಲಸ ಮಾಡಬೇಕು, ಅವನ ಹೆಸರು ದಾಖಲೆ ಪುಸ್ತಕದಲ್ಲಿರಬೇಕು. ಲಿಫ್ಟುಗಳನ್ನು ಆರು ತಿಂಗಳಿಗೊಮ್ಮೆ, ಭಾರ ಎತ್ತುವ ಸರಪಳಿ ಹಗ್ಗಗಳನ್ನು ವರ್ಷಕ್ಕೊಮ್ಮೆ ಅರ್ಹ ವ್ಯಕ್ತಿ ಪರೀಕ್ಷಿಸಬೇಕೆಂದು ಮುಂದಿನ ಕಲಮುಗಳು ವಿಧಿಸಿದ್ದವು.

ಹೊಸ ಸಂಹಿತೆಯ ಬಗೆಗಿನ ನಮ್ಮ ಅಳುಕು ಇಲ್ಲಿಯೇ. ಕಾಯ್ದೆಯ ಒಡಲಲ್ಲಿಯೇ ಇದ್ದ ಇಂತಹ ಸೂಕ್ಷ್ಮ ವಿವರಗಳು ಇನ್ನು ಸರಕಾರ ಮಾಡುವ ನಿಯಮಗಳ, ಮಾನದಂಡಗಳ ಪಾಲಿಗೆ ಸೇರುತ್ತವೆ. ಕಾಯ್ದೆಯನ್ನು ಬದಲಿಸಲು ಸಂಸತ್ತು ಬೇಕು, ನಿಯಮಕ್ಕೆ ಅಧಿಸೂಚನೆ ಸಾಕು. ವಿದ್ಯುತ್ತು ಬಳಸುವಲ್ಲಿ ಹತ್ತು ಕಾರ್ಮಿಕರಿದ್ದರೆ ಕಾರ್ಖಾನೆಯೆನಿಸುತ್ತಿದ್ದುದು ಈಗ ಇಪ್ಪತ್ತಕ್ಕೆ ಏರಿದೆ. ಹತ್ತು ಮಂದಿ ದುಡಿಯುವ ಯಾವುದೇ ಸ್ಥಳವನ್ನೂ ಸಂಸ್ಥೆಯೆಂದು ಪರಿಗಣಿಸಿ ಸಾಮಾನ್ಯ ಹೊಣೆಯನ್ನು ಹೊರಿಸಿರುವುದೂ, ವಾರ್ಷಿಕ ಆರೋಗ್ಯ ತಪಾಸಣೆಯನ್ನು ಉಚಿತವಾಗಿ ಮಾಡಿಸಬೇಕೆಂದಿರುವುದೂ ಸ್ವಾಗತಾರ್ಹವೇ. ಆದರೆ ಪವರ್ ಪ್ರೆಸ್ಸಿನಲ್ಲಿ ಬೆರಳು ಕಳೆದುಕೊಳ್ಳುವವರು ಹೆಚ್ಚಾಗಿ ಸಣ್ಣ ಶೆಡ್ಡುಗಳವರು. ಹರಿಯಾಣದ ಮಾನೇಸರ ಸುತ್ತಿನ ಮೋಟಾರು ಬಿಡಿಭಾಗಗಳ ಘಟಕಗಳ ಕುರಿತು ಸೇಫ್ ಇನ್ ಇಂಡಿಯಾ ಸಂಸ್ಥೆ 2019ರಿಂದ ಪ್ರಕಟಿಸುತ್ತಿರುವ ವರದಿಗಳು ಇದನ್ನೇ ಹೇಳುತ್ತ ಬಂದಿವೆ. ಕೈ ಒಳಗಿರುವಾಗ ಪ್ರೆಸ್ಸು ಇಳಿಯದಂತೆ ತಡೆಯುವ ಸೆನ್ಸರು ಅಲ್ಲಿ ಇರುವುದಿಲ್ಲ, ಇದ್ದರೂ ಕೆಟ್ಟಿರುತ್ತದೆ, ಕೆಟ್ಟದ್ದನ್ನು ರಿಪೇರಿ ಮಾಡಿಸುವಷ್ಟು ಹೊತ್ತು ಪ್ರೆಸ್ಸನ್ನು ನಿಲ್ಲಿಸಲು ಮಾಲೀಕನಿಗೆ ಮನಸ್ಸಿರುವುದಿಲ್ಲ. ದೊಡ್ಡ ಕಂಪನಿ ಅವನಿಂದ ಕೊಳ್ಳುವಾಗ ಬಿಡಿಭಾಗಕ್ಕೆ ಪೈಸೆಯ ಲೆಕ್ಕದಲ್ಲಿ ದರ ಇಳಿಸುತ್ತದೆ ಎಂಬ ಅವನ ಅಳಲನ್ನೂ ನಾವು ಅಲ್ಲಗಳೆಯುವುದಿಲ್ಲ.

ಪರಿಹಾರದ ಮಾತಿಗೆ ಬಂದರೆ, ಪ್ರಪಂಚ ಕಂಡುಕೊಂಡ ಉಪಾಯ ಅಚ್ಚರಿಯೆನಿಸುವಷ್ಟು ಸರಳ. ದುರಸ್ತಿಗೆ ಇಳಿಯುವವನು ಯಂತ್ರದ ಮುಖ್ಯ ಸ್ವಿಚ್ಚನ್ನು ಆರಿಸಿ ಅದಕ್ಕೆ ತನ್ನದೇ ಬೀಗ ಹಾಕಿ, ಬೀಗದ ಕೈಯನ್ನು ತನ್ನ ಜೇಬಿನಲ್ಲಿಟ್ಟುಕೊಳ್ಳುತ್ತಾನೆ. ತನ್ನ ಹೆಸರು, ವೇಳೆ ಬರೆದ ಚೀಟಿಯನ್ನು ಅಲ್ಲಿ ತೂಗಿಸುತ್ತಾನೆ. ಅನಂತರ ಗುಂಡಿ ಒತ್ತಿ ಯಂತ್ರ ನಿಜವಾಗಿ ಸತ್ತಿದೆಯೇ ಎಂದು ನೋಡುತ್ತಾನೆ. ನಾಲ್ವರು ದುರಸ್ತಿಗೆ ಇಳಿದರೆ ನಾಲ್ಕು ಬೀಗಗಳು. ಕೊನೆಯವನು ತನ್ನ ಬೀಗ ತೆಗೆಯುವವರೆಗೆ ಮ್ಯಾನೇಜರನೇ ಬಂದರೂ ಯಂತ್ರ ಓಡುವುದಿಲ್ಲ. ವಿದ್ಯುತ್ತಿನದು ಮಾತ್ರವಲ್ಲ, ಎತ್ತಿ ನಿಲ್ಲಿಸಿದ ಭಾರ, ಒತ್ತಡದ ಗಾಳಿ, ಬಿಗಿದ ಸ್ಪ್ರಿಂಗು, ಕೊಳವೆಯಲ್ಲಿ ಉಳಿದ ಹಬೆ ಇವೆಲ್ಲವೂ ಅಡಗಿ ಕುಳಿತ ಶಕ್ತಿಗಳೇ. ಅವನ್ನೂ ಇಳಿಸಿ ಖಾಲಿ ಮಾಡಬೇಕು. ಅಮೆರಿಕವು 1989ರಲ್ಲಿ ಇದನ್ನು ಕಡ್ಡಾಯ ನಿಯಮವನ್ನಾಗಿಸಿತು. ಅದರ ಪಾಲನೆಯಿಂದ ವರ್ಷಕ್ಕೆ ಸುಮಾರು 120 ಸಾವು, 50,000 ಗಾಯಗಳು ತಪ್ಪುತ್ತವೆಂದು ಅಲ್ಲಿನ ಇಲಾಖೆಯ ಅಂದಾಜು. ನಮ್ಮಲ್ಲಿ ದೊಡ್ಡ ರಾಸಾಯನಿಕ ಕಾರ್ಖಾನೆಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ಅನೇಕ ಕನ್ನಡಿಗರಿಗೆ ಈ ಪದ್ಧತಿ ಅಂಗೈ ರೇಖೆಯಷ್ಟು ಪರಿಚಿತ. ಅದು ಆ ಗೇಟುಗಳಿಂದ ಹೊರಗೆ ಬರಲಿಲ್ಲ ಎಂಬುದೇ ವಿಷಾದ.

ಕೆಲವು ತಿಂಗಳುಗಳ ಹಿಂದೆ ಉಪನಗರದ ಹೋಟೆಲೊಂದರ ಅಡುಗೆಮನೆಗೆ ಹೋಗುವ ಸಂದರ್ಭ ನಮಗೆ ಒದಗಿತ್ತು. ದೊಡ್ಡ ಗ್ರೈಂಡರು ತಿರುಗುತ್ತಿತ್ತು. ಹದಿನೆಂಟು ಇಪ್ಪತ್ತರ ಹುಡುಗನೊಬ್ಬ ತಿರುಗುವ ಕಲ್ಲಿನ ಅಂಚಿನಲ್ಲಿ ಕೈಯಾಡಿಸಿ ಹಿಟ್ಟನ್ನು ಒಳಕ್ಕೆ ತಳ್ಳುತ್ತಿದ್ದ. ಬೆಲ್ಟಿನ ಮುಚ್ಚಳ ಗೋಡೆಗೆ ಒರಗಿತ್ತು. ಸ್ವಿಚ್ಚು ಇದ್ದದ್ದು ಬಾಗಿಲಾಚೆಯ ಗೋಡೆಯಲ್ಲಿ, ಅವನ ಕೈಗೆ ಎಟುಕದಷ್ಟು ದೂರದಲ್ಲಿ. ನಿಲ್ಲಿಸಿ ಕೈಹಾಕಬಾರದೇ ಎಂದು ಕೇಳಿದ್ದಕ್ಕೆ ಭಟ್ಟರು ನಕ್ಕರು: "ಪ್ರತಿ ಸಲ ನಿಲ್ಲಿಸುತ್ತ ಕೂತರೆ ಬೆಳಗ್ಗಿನ ಇಡ್ಲಿಗೆ ಹಿಟ್ಟು ಆಗುವುದು ಯಾವಾಗ ಮಾರಾಯ್ರೇ?" ಅವರು ಕ್ರೂರಿಯಲ್ಲ, ಹುಡುಗನನ್ನು ಊರಿನಿಂದ ಕರೆತಂದವರೇ ಅವರು. ಅವರ ಎಡಗೈಯ ಕಿರುಬೆರಳ ತುದಿಯೂ ಇರಲಿಲ್ಲ. ಅದು ಎಲ್ಲಿ ಹೋಯಿತೆಂದು ನಾವು ಕೇಳಲಿಲ್ಲ. ಆ ಹೋಟೆಲಿನ ಮಾಲೀಕರು ಇತ್ತೀಚೆಗೆ ಸ್ವಿಚ್ಚನ್ನು ಗ್ರೈಂಡರಿನ ಪಕ್ಕಕ್ಕೆ ತರಿಸಿ, ಮುಚ್ಚಳ ಮುಚ್ಚದೆ ಮೋಟಾರು ತಿರುಗದಂತೆ ವ್ಯವಸ್ಥೆ ಮಾಡಿಸಿದ್ದಾರೆ. ಇಲೆಕ್ಟ್ರೀಷಿಯನ್ನನಿಗೆ ಅದು ಒಂದು ಮಧ್ಯಾಹ್ನದ ಕೆಲಸವಾಗಿತ್ತು. ಅನಿಲದ ಕೊಳವೆ, ರೆಗ್ಯುಲೇಟರು, ಜಿಡ್ಡು ಕಟ್ಟಿದ ಹೊಗೆ ಚಿಮಣಿಗಳನ್ನು ವರ್ಷಕ್ಕೊಮ್ಮೆಯಾದರೂ ನೋಡಿಸುವ ಪದ್ಧತಿಯನ್ನು ನಮ್ಮ ಹೋಟೆಲು ಉದ್ಯಮಿಗಳ ಸಂಘಟನೆಗಳು ತಾವಾಗಿ ಕೈಗೆತ್ತಿಕೊಂಡರೆ ಇನ್‌ಸ್ಪೆಕ್ಟರನ ದಾರಿ ಕಾಯಬೇಕಾಗಿಲ್ಲ.

ಹೋಟೆಲು, ಕಾರ್ಖಾನೆ ಯಾವುದೂ ಇಲ್ಲದ ಓದುಗರೂ ಈ ವ್ಯವಹಾರದಿಂದ ಹೊರಗಿಲ್ಲ. ನಾವು ವಾಸಿಸುವ ಸೊಸೈಟಿಯ ಲಿಫ್ಟು ಒಂದು ಯಂತ್ರ. ಅದರ ಬಾವಿಯೊಳಗೆ ಇಳಿಯುವ ಹುಡುಗನಿಗೆ ಆ ಅರ್ಧ ಗಂಟೆ ನಮ್ಮ ಕಟ್ಟಡವೇ ಕೆಲಸದ ಸ್ಥಳ. 2023ರ ಸೆಪ್ಟೆಂಬರ್ 10ರಂದು ಥಾಣೆಯ ಬಾಳ್ಕುಮ್‌ನಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡದ ಲಿಫ್ಟು ಕುಸಿದು ಏಳು ಕಾರ್ಮಿಕರು ಸತ್ತರು. 2025ರ ಮಾರ್ಚಿನಲ್ಲಿ ನಾಗಪಾಡಾದಲ್ಲಿ ನೀರಿನ ಟ್ಯಾಂಕು ಶುಚಿಗೊಳಿಸಲು ಇಳಿದ ನಾಲ್ವರು ಉಸಿರುಗಟ್ಟಿ ಸತ್ತರು. ಮಹಾರಾಷ್ಟ್ರದಲ್ಲಿ 1939ರಿಂದಲೇ ಲಿಫ್ಟುಗಳಿಗೆ ಪ್ರತ್ಯೇಕ ಕಾಯ್ದೆಯಿತ್ತು, 2017ರಲ್ಲಿ ಹೊಸದು ಬಂದಿದೆ. ಆದರೆ ಸೊಸೈಟಿಗಳ ಮಹಾಸಭೆಯಲ್ಲಿ ಲಿಫ್ಟಿನ ವಿಷಯ ಬಂದಾಗ ಕೇಳಿಬರುವ ಪ್ರಶ್ನೆ ಒಂದೇ: ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಯಾರು ಕಡಿಮೆ ದರ ಕೊಟ್ಟಿದ್ದಾರೆ? ಕಡಿಮೆ ದರದವನು ಇಬ್ಬರ ಬದಲು ಒಬ್ಬನನ್ನು ಕಳುಹಿಸುತ್ತಾನೆ. ಒಬ್ಬನೇ ಬಂದವನು ಲಿಫ್ಟಿನ ತಲೆಯ ಮೇಲೆ ನಿಂತಿರುವಾಗ ಐದನೆಯ ಅಂತಸ್ತಿನವರು ಗುಂಡಿ ಒತ್ತಿದರೆ ಬೇಡವೆನ್ನಲು ಕೆಳಗೆ ಯಾರೂ ಇರುವುದಿಲ್ಲ.

ನಮ್ಮ ಸೊಸೈಟಿಯ ವಾಚ್‌ಮನ್ನನ ಪುಸ್ತಕವನ್ನು ಮೊನ್ನೆ ತೆಗೆಸಿ ನೋಡಿದೆವು. ಹಾಲಿನವನು, ಪೇಪರಿನವನು, ಕೊರಿಯರಿನವನು ಬಂದ ವೇಳೆಗಳೆಲ್ಲ ಅಚ್ಚುಕಟ್ಟಾಗಿದ್ದವು. ಲಿಫ್ಟಿನ ಹುಡುಗ ಒಳಬಂದ ವೇಳೆಯೂ ಇತ್ತು. ಅವನು ಬಾವಿಗೆ ಇಳಿದದ್ದು, ಹೊರಬಂದದ್ದು, ಮುಖ್ಯ ಸ್ವಿಚ್ಚು ಆರಿಸಿದವರು ಯಾರೆಂಬುದು ಎಲ್ಲಿಯೂ ಇರಲಿಲ್ಲ. ಈಗ ಮೀಟರು ಕೋಣೆಯಲ್ಲಿ ಒಂದು ಬೀಗ, ಒಂದು ಚೀಟಿಯ ಕಟ್ಟು, ಒಂದು ಸಣ್ಣ ಪುಸ್ತಕ ಇಡಲಾಗಿದೆ. ಬೀಗದ ಕೈ ಆ ಹುಡುಗನ ಬಳಿಯೇ ಇರಬೇಕೆಂದು ಹೇಳಿದಾಗ ಸಮಿತಿಯ ಒಬ್ಬ ಸದಸ್ಯರು ಆಕ್ಷೇಪಿಸಿದರು: ಲಿಫ್ಟು ತುರ್ತಾಗಿ ಬೇಕಾದರೆ ಏನು ಮಾಡುವುದು? ಚರ್ಚೆ ಮುಂದಿನ ಸಭೆಗೆ ಹೋಗಿದೆ.